ಗುಳಿಗೆಯ ಭಯ, ಕೂಸಿನ ಹೃದಯ

ಹಾನಗಲ್ ಸೀಮೆಯ ಆಡೂರಿನಂಥ ಊರಿನಲ್ಲಿ ಬಸುರಿನ ಸುದ್ದಿ ಆಶಾ ಕಾರ್ಯಕರ್ತೆಯ ಕಿವಿಗೆ ಬಿದ್ದು, ತಾಯಿ ಕಾರ್ಡ್ ಕೈಸೇರುವಷ್ಟರಲ್ಲಿ ಮೂರು ತಿಂಗಳು ತುಂಬುತ್ತ ಬಂದಿರುವುದುಂಟು. ಆ ಹೊತ್ತಿಗೆ ಕೂಸಿನ ಹೃದಯ ಬಹುಪಾಲು ಕಟ್ಟಿಯಾಗಿರುತ್ತದೆ. ಗರ್ಭ ನಿಂತ ಸುಮಾರು 22ನೇ ದಿನಕ್ಕೆ ಒಂದು ಸಣ್ಣ ಕೊಳವೆ ಮಿಡಿಯತೊಡಗುತ್ತದೆ. ಅದೇ ಬಾಗಿ, ಮಡಚಿಕೊಂಡು, ನಡುವೆ ಗೋಡೆಗಳು ಎದ್ದು, ಎಂಟನೇ ವಾರದ ಹೊತ್ತಿಗೆ ನಾಲ್ಕು ಕೋಣೆಯ ಹೃದಯವಾಗುತ್ತದೆ. ಗೋಡೆ ಪೂರ್ತಿ ಕೂಡದೆ ಉಳಿದ ಜಾಗವನ್ನೇ ನಾವು ಹೃದಯದ ರಂಧ್ರ ಎನ್ನುತ್ತೇವೆ. ಖಿನ್ನತೆಯ ಗುಳಿಗೆಯಿಂದ ಈ ರಂಧ್ರವಾಗುತ್ತದೆ ಎಂದು ಹೆದರಿ ಮೂರನೇ ತಿಂಗಳಲ್ಲಿ ಗುಳಿಗೆ ಬಿಡುವ ಹೆಣ್ಣುಮಗಳು ಕೂಸಿನ ಹೃದಯವನ್ನು ಕಾಯುವ ಕಾಲವನ್ನು ಆಗಲೇ ದಾಟಿರುತ್ತಾಳೆ. ಅವಳ ಕಾಯಿಲೆ ಮರಳಲು ಮಾತ್ರ ದಾರಿಯಾಗುತ್ತದೆ.

ಭಯಕ್ಕೆ ಕಾರಣವೇ ಇಲ್ಲವೆಂದಲ್ಲ. 2005ರಲ್ಲಿ ಪ್ಯಾರೊಕ್ಸೆಟಿನ್ ಎಂಬ ಔಷಧದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ಆಮೇಲೆ 2014ರಲ್ಲಿ ಅಲ್ಲಿನ 9,49,504 ಬಸುರಿನ ದಾಖಲೆಗಳನ್ನು ಜಾಲಾಡಿದ ದೊಡ್ಡ ಅಧ್ಯಯನ ಹೊರಬಂತು. ಮೊದಲ ನೋಟಕ್ಕೆ, ಗುಳಿಗೆ ತೆಗೆದುಕೊಳ್ಳದವರ 10,000 ಕೂಸುಗಳಲ್ಲಿ 72ಕ್ಕೆ, ತೆಗೆದುಕೊಂಡವರಲ್ಲಿ 90ಕ್ಕೆ ಹೃದಯದ ದೋಷವಿತ್ತು. ಆದರೆ ಗುಳಿಗೆ ತೆಗೆದುಕೊಳ್ಳುವವರಲ್ಲಿ ಖಿನ್ನತೆಯ ಜೊತೆಗೆ ಬೇರೆ ಕಾಯಿಲೆಗಳೂ ಹೆಚ್ಚು. ಖಿನ್ನತೆ ಇರುವವರನ್ನು ಅಂಥವರ ಜೊತೆಗೇ ತೂಗಿ, ಉಳಿದ ಕಾರಣಗಳನ್ನೂ ಲೆಕ್ಕಕ್ಕೆ ಹಿಡಿದಾಗ ಅಂತರ ಶೇ. 6ಕ್ಕೆ ಇಳಿಯಿತು. ಅಷ್ಟು ಸಣ್ಣ ಅಂತರ ಬರೀ ಆಕಸ್ಮಿಕವೂ ಆಗಿರಬಹುದು.

‘ಅಷ್ಟಾದರೂ ಅಪಾಯ ಯಾಕೆ? ಬಿಟ್ಟರಾಯಿತಲ್ಲ’ ಎಂದು ಮನೆಯ ಹಿರಿಯರು ಕೇಳುವುದು ಕೂಸಿನ ಮೇಲಿನ ಕಕ್ಕುಲಾತಿಯಿಂದ. ಆದರೆ ಬಿಡುವುದಕ್ಕೂ ಬೆಲೆಯಿದೆ. ಹಿಂದೆ ತೀವ್ರ ಖಿನ್ನತೆ ಅನುಭವಿಸಿದ್ದ ಗರ್ಭಿಣಿಯರ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಔಷಧ ಬಿಟ್ಟವರಲ್ಲಿ ಶೇ. 68 ಮಂದಿಗೆ ಕಾಯಿಲೆ ಮರಳಿತು, ಮುಂದುವರಿಸಿದವರಲ್ಲಿ ಶೇ. 26 ಮಂದಿಗೆ ಮಾತ್ರ. ಊಟ, ನಿದ್ದೆ, ತಪಾಸಣೆ ಎಲ್ಲದರಲ್ಲೂ ಆಸಕ್ತಿ ಬತ್ತಿದ ತಾಯಿಗೆ ದಿನ ತುಂಬದ ಹೆರಿಗೆಯ ಸಾಧ್ಯತೆ ಹೆಚ್ಚು. ಕೆಲವೊಮ್ಮೆ ಅವಳ ಜೀವಕ್ಕೇ ಸಂಚಕಾರ. ‘ಮಾತಿನಿಂದಲೇ ಗುಣಪಡಿಸಬಹುದಲ್ಲ’ ಎಂಬ ಇನ್ನೊಂದು ಪ್ರಶ್ನೆಯೂ ನ್ಯಾಯವಾದದ್ದೇ. ಸೌಮ್ಯ ಖಿನ್ನತೆಗೆ ಆಪ್ತಸಮಾಲೋಚನೆಯೇ ಮೊದಲ ಮದ್ದು. ತೀವ್ರವಾದದ್ದಕ್ಕೆ ಅದೊಂದೇ ಸಾಲದು. ಹಾಗೆಂದು ಮನಸ್ಸಿನ ಗುಳಿಗೆಗಳೆಲ್ಲ ಒಂದೇ ಎನ್ನುವಂತಿಲ್ಲ. ಫಿಟ್ಸ್‌ಗೂ ಮನಸ್ಸಿನ ಏರಿಳಿತಕ್ಕೂ ಕೊಡುವ ವಾಲ್‌ಪ್ರೋಯೇಟ್ ಕೂಸಿನ ಬೆನ್ನುಹುರಿಗೂ ಬುದ್ಧಿಗೂ ನಿಜವಾದ ಅಪಾಯ. ಗರ್ಭ ನಿಲ್ಲುವ ಮೊದಲೇ ವೈದ್ಯರೊಡನೆ ಮಾತಾಡಿ ಅದನ್ನು ಬದಲಿಸಿಕೊಳ್ಳಬೇಕು.

ಹೃದಯದ ದೋಷಕ್ಕೆ ಹೆದರುವ ನಾವು ಅದರ ಹಳೆಯ ಕಾರಣಗಳಿಗೆ ಹೆದರುವುದು ಕಡಿಮೆ. ಸೋದರಮಾವನ ಜೊತೆ, ಅತ್ತೆ–ಮಾವನ ಮಕ್ಕಳ ಜೊತೆ ಮದುವೆ ನಮ್ಮ ಕಡೆ ಇನ್ನೂ ರೂಢಿಯಲ್ಲಿದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬಸುರಿನ ಶುರುವಿನಲ್ಲಿ ಬರುವ ರುಬೆಲ್ಲಾ ಜ್ವರ ಇವೂ ಕೂಸಿನ ಹೃದಯವನ್ನು ಕೆಡಿಸಬಲ್ಲವು. ಇವುಗಳ ಬಗ್ಗೆ ಸುಮ್ಮನಿದ್ದು, ಗುಳಿಗೆ ನುಂಗಿದ ತಾಯಿಯ ತಲೆಗೇ ತಪ್ಪು ಕಟ್ಟುವುದು ಅನ್ಯಾಯ.

ಆದ್ದರಿಂದ ಗುಳಿಗೆಯ ಮಾತು ಬಸುರಿಗೆ ಮೊದಲೇ ಆಗಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಸಲಹೆ ಸಿಗುತ್ತದೆ. ಆಗಲೇ ಬಸುರಾಗಿದ್ದರೆ ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಬಾರದು. 18ರಿಂದ 22ನೇ ವಾರದೊಳಗಿನ ಸ್ಕ್ಯಾನ್ ತಪ್ಪಿಸಬಾರದು. ಮದುವೆಯ ಮಾತುಕತೆಯಲ್ಲಿ ಹುಡುಗಿಯ ಕಾಯಿಲೆಯನ್ನು ಮುಚ್ಚಿಡದೆ ಹೇಳುವಂತಾದರೆ, ಬಸುರು ನಿಲ್ಲುವ ಹೊತ್ತಿಗೆ ಅವಳ ಕೈಯಲ್ಲಿ ಸರಿಯಾದ ಗುಳಿಗೆಯಿರುತ್ತದೆ, ಬೆನ್ನಿಗೆ ಮನೆಯವರಿರುತ್ತಾರೆ.