ಹಿತ್ತಿಲ ಚಿಟ್ಟೆಗಳೂ ನನ್ನ ಕ್ಯಾಮರಾವೂ

ಛಾಯಾಚಿತ್ರವೆಂದೊಡನೆ ನಮ್ಮಲ್ಲಿ ಅನೇಕರಿಗೆ ಮದುವೆಯ ಮಂಟಪವೋ, ವರ್ಷಾಂತ್ಯದಲ್ಲಿ ಅಧ್ಯಾಪಕರನ್ನು ಮುಂದಿನ ಸಾಲಿನಲ್ಲಿ ಕೂಡಿಸಿ ತೆಗೆಯುವ ಗುಂಪುಚಿತ್ರವೋ ನೆನಪಿಗೆ ಬರುತ್ತದೆ. ಹೆಬ್ಬೆರಳಿನಷ್ಟು ಗಾತ್ರದ ಹುಳುವಿನ ಮುಂದೆ ಮಂಡಿಯೂರಿ ಅರ್ಧ ಗಂಟೆ ಕಾಯುವವನನ್ನು ಕಂಡು ನೆರೆಹೊರೆಯವರು ನಗುವುದು ಸಹಜ. ನಾನು ಇತಿಹಾಸದ ವಿದ್ಯಾರ್ಥಿ, ಪ್ರಾಣಿಶಾಸ್ತ್ರವನ್ನು ಓದಿದವನಲ್ಲ. ಆದರೂ ನಮ್ಮ ಮನೆಯ ಹಿತ್ತಿಲಿನಲ್ಲಿ ಎರಡು ಮಳೆಗಾಲ ಹೀಗೆ ಮಂಡಿಯೂರಿ ಕಲಿತ ಕೆಲವು ಸಂಗತಿಗಳನ್ನು ವಾಚಕರ ಮುಂದಿಡಬಯಸುತ್ತೇನೆ.

ಮೊದಲು ಉಪಕರಣದ ಮಾತು. ‘ಮ್ಯಾಕ್ರೊ’ ಛಾಯಾಗ್ರಹಣವೆಂದರೆ ವಸ್ತುವಿನ ಬಿಂಬವು ಕ್ಯಾಮರಾದ ಒಳಗೆ ಹೆಚ್ಚುಕಡಿಮೆ ವಸ್ತುವಿನಷ್ಟೇ ದೊಡ್ಡದಾಗಿ ಬೀಳುವುದು. 36 ಮಿಲಿಮೀಟರ್ ಅಗಲದ ಚಿಟ್ಟೆ 36 ಮಿಲಿಮೀಟರ್ ಅಗಲದ ಸಂವೇದಕವನ್ನು ಅಂಚಿನಿಂದ ಅಂಚಿಗೆ ತುಂಬಿಬಿಡುತ್ತದೆ. ಇದಕ್ಕೆಂದೇ ಮಾಡಿದ ಲೆನ್ಸು ನನ್ನಂಥ ವಿದ್ಯಾರ್ಥಿಯ ಕೈಗೆ ಎಟುಕುವಂಥದಲ್ಲ. ಆದರೆ ಸೋದರಮಾವನವರ ಹಳೆಯ 50 ಮಿಲಿಮೀಟರ್ ಲೆನ್ಸನ್ನು ಒಂದು ಲೋಹದ ಬಳೆಯ ಸಹಾಯದಿಂದ ಹಿಂದುಮುಂದಾಗಿ ಕೂಡಿಸಿದರೆ ಬಹುಮಟ್ಟಿಗೆ ಅದೇ ಕೆಲಸವಾಗುತ್ತದೆ. ಚಿಟ್ಟೆಗೆ ಮೂರು ನಾಲ್ಕು ಅಂಗುಲದಷ್ಟು ಹತ್ತಿರ ಹೋಗಬೇಕು, ಅಷ್ಟೆ.

ತೊಡಕು ಪ್ರಾರಂಭವಾಗುವುದೇ ಇಲ್ಲಿ. ಇಷ್ಟು ಸಮೀಪದಲ್ಲಿ ಸ್ಪಷ್ಟವಾಗಿ ಕಾಣುವ ಪದರದ ದಪ್ಪ, ಲೆನ್ಸಿನ ರಂಧ್ರವನ್ನು ‘ಎಫ್ 8’ಕ್ಕೆ ಇಟ್ಟಾಗ, ಸುಮಾರು 1 ಮಿಲಿಮೀಟರ್ ಮಾತ್ರ. ಕಣ್ಣು ಸ್ಪಷ್ಟವಾದರೆ ರೆಕ್ಕೆ ಮಸುಕು. ರಂಧ್ರವನ್ನು ಕಿರಿದು ಮಾಡಿದರೆ ಪದರ ದಪ್ಪವಾಗುವುದೇನೋ ನಿಜ. ಆದರೆ ಬೆಳಕು ಸಾಲದು. ತೀರ ಕಿರಿದಾದರೆ ಬೆಳಕು ರಂಧ್ರದ ಅಂಚಿನಲ್ಲಿ ಹರಡಿಕೊಂಡು ಇಡೀ ಚಿತ್ರವೇ ಮಂಕಾಗುತ್ತದೆ. ಆದ್ದರಿಂದ ಚಿಟ್ಟೆ ಮಡಿಸಿದ ರೆಕ್ಕೆಗೆ ಕ್ಯಾಮರಾವನ್ನು ಸಮಾನಾಂತರವಾಗಿ ಹಿಡಿಯಬೇಕು. ಉಸಿರು ಬಿಗಿಹಿಡಿದು ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು. ಹೊತ್ತು ಏರುವ ಮೊದಲೇ ಹೋಗುವುದು ಮೇಲು. ಬಿಸಿಲಿಗೆ ಮೈ ಕಾಯಿಸಿಕೊಳ್ಳುವವರೆಗೆ ಚಿಟ್ಟೆ ಚೆನ್ನಾಗಿ ಹಾರಲಾರದು.

ಈ ತಾಳ್ಮೆ ನನಗೆ ಮೊದಲಿನಿಂದ ಇರಲಿಲ್ಲ. ಮೊದಲ ವರ್ಷ, ದೀಪಕ್ಕೆ ಬಂದ ಹಸಿರು ಪತಂಗವೊಂದನ್ನು ಬೆಳಿಗ್ಗೆ ಚಿತ್ರ ತೆಗೆಯೋಣವೆಂದು ಗಾಜಿನ ಲೋಟದಡಿ ಮುಚ್ಚಿಟ್ಟೆ. ರಾತ್ರಿಯೆಲ್ಲ ಅದು ಗಾಜಿಗೆ ಬಡಿದುಕೊಂಡಿರಬೇಕು. ಬೆಳಿಗ್ಗೆ ನೋಡಿದರೆ ರೆಕ್ಕೆಯ ಅಂಚು ಹರಿದಿತ್ತು. ಲೋಟದ ಒಳಮೈಗೆ ಪುಡಿ ಮೆತ್ತಿತ್ತು. ಆ ಪುಡಿ ಧೂಳಲ್ಲ. ಚಿಟ್ಟೆ ಪತಂಗಗಳ ರೆಕ್ಕೆಯ ಮೇಲೆ ಹೆಂಚು ಹೊದಿಸಿದಂತೆ ಸಾಲಾಗಿರುವ ಹುರುಪೆಗಳು. ಒಂದೊಂದೂ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು. ರೆಕ್ಕೆಯ ಬಣ್ಣ ಕಾಣುವುದು ಇವುಗಳಿಂದಲೇ. ಉದುರಿದರೆ ಮತ್ತೆ ಹುಟ್ಟುವುದಿಲ್ಲ. ಈ ಜೀವಿವರ್ಗದ ‘ಲೆಪಿಡಾಪ್ಟೆರಾ’ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಹುರುಪೆಯ ರೆಕ್ಕೆ ಎಂದೇ ಅರ್ಥ. ನಾನು ಚಿತ್ರ ತೆಗೆದೆ. ಬಹಳ ಸ್ಪಷ್ಟವಾಗಿಯೇ ಬಂತು. ಅದನ್ನು ಇಂದಿನವರೆಗೆ ಯಾರಿಗೂ ತೋರಿಸಿಲ್ಲ.

ಎರಡನೆಯ ವರ್ಷದ ಕಥೆ ಕರಿಬೇವಿನದು. ಅಜ್ಜಿ ನೆಟ್ಟು ಬೆಳೆಸಿದ ಗಿಡಕ್ಕೆ ಹುಳು ಹತ್ತಿತು. ಎಳೆಯದಾಗಿದ್ದಾಗ ಅದು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ; ಬಲಿತ ಮೇಲೆ ಎಲೆಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೋಡು ಚಾಚಿ ನಾತ ಬೀರುತ್ತದೆ.

“ಒಗ್ಗರಣೆಗೆ ಒಂದೆಲೆ ಉಳಿಯತ್ತೇನೋ? ಔಷಧಿ ತಂದು ಹೊಡಿ” ಎಂದರು ಅಜ್ಜಿ.

ನಾನು ಎರಡು ಹುಳುಗಳಿಗಾಗಿ ಬೇಡಿಕೊಂಡೆ. “ಒಂದೇ ಕೊಂಬೆ, ನೋಡು” ಎಂದು ಒಪ್ಪಿದರು. ಉಳಿದವನ್ನೆಲ್ಲ ಬೇಲಿಯ ಬಳಿಯ ನಿಂಬೆಗಿಡಕ್ಕೆ ಸಾಗಿಸಿದೆ. ಅದೂ ಅವಕ್ಕೆ ಆಹಾರವೇ. ಎರಡರಲ್ಲಿ ಒಂದನ್ನು ಹಕ್ಕಿ ಒಯ್ದಿತು. ಇನ್ನೊಂದು ಬಾಲದ ತುದಿಯನ್ನು ಕಡ್ಡಿಗೆ ಅಂಟಿಸಿ, ನಡುವಿಗೆ ರೇಷ್ಮೆಯ ಎಳೆಯೊಂದನ್ನು ಬಿಗಿದುಕೊಂಡು ಕೋಶವಾಯಿತು. ಹನ್ನೆರಡನೆಯ ಬೆಳಿಗ್ಗೆ ಹೊರಬಂದದ್ದು ಕಪ್ಪು ಚಿಟ್ಟೆ. ಹಿಂದಿನ ರೆಕ್ಕೆಯಲ್ಲಿ ಬಿಳಿಯ ಮಚ್ಚೆ, ಕೆಂಪು ಚುಕ್ಕೆ.

ನನಗೆ ಆಶ್ಚರ್ಯವಾಯಿತು. ಈ ರೂಪದ್ದು ‘ಕಾಮನ್ ರೋಸ್’ ಎಂಬ ಚಿಟ್ಟೆ. ಅದರ ಹುಳು ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನು ತಿಂದು ಅವುಗಳ ವಿಷವನ್ನು ಮೈಯಲ್ಲಿ ಕೂಡಿಸಿಕೊಳ್ಳುವುದರಿಂದ ಹಕ್ಕಿಗಳು ಅದರ ಗೋಜಿಗೆ ಹೋಗುವುದಿಲ್ಲ. ಅಂಥದು ಕರಿಬೇವಿನಲ್ಲಿ ಹುಟ್ಟುವುದುಂಟೆ? ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಉತ್ತರ ದೊರೆಯಿತು. ರೋಸಿನ ಒಡಲು ಕೆಂಪು. ಇದರ ಒಡಲು ಕಪ್ಪು. ಇದು ‘ಕಾಮನ್ ಮಾರ್ಮನ್’ ಜಾತಿಯ ಹೆಣ್ಣು. ತನ್ನಲ್ಲಿ ವಿಷವಿಲ್ಲದಿದ್ದರೂ ವಿಷದ ಚಿಟ್ಟೆಯ ವೇಷ ತೊಟ್ಟು ಬದುಕಿಕೊಳ್ಳುತ್ತದೆ. ಗಂಡಿಗೆ ಈ ವೇಷವಿಲ್ಲ. ಹೆಣ್ಣುಗಳಲ್ಲಿಯೂ ಕೆಲವು ಗಂಡಿನಂತೆಯೇ ಇರುತ್ತವೆ. ಈ ವೈಚಿತ್ರ್ಯವನ್ನು ಆಲ್‌ಫ್ರೆಡ್ ರಸೆಲ್ ವಾಲೆಸ್ 1865ರಲ್ಲಿಯೇ ವಿವರಿಸಿದ್ದರು. ಇದರ ಹಿಂದೆ ‘ಡಬಲ್‌ಸೆಕ್ಸ್’ ಎಂಬ ಒಂದೇ ಜೀನ್ ಇದೆಯೆಂದು 2014ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದನ್ನು ನಡೆಸಿದವರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರೂ ಒಬ್ಬರೆಂಬುದು ನಮಗೆ ಹೆಮ್ಮೆಯ ವಿಷಯ.

ಇಷ್ಟನ್ನೂ ಅಜ್ಜಿಗೆ ಚಿತ್ರ ತೋರಿಸಿ ವಿವರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು.

“ವೇಷ ಹಾಕಿದರೆ ಹಕ್ಕಿ ಮೋಸ ಹೋಗತ್ತೆ, ನಾನು ಹೋಗ್ತೀನಾ? ಇದು ನನ್ನ ಎಲೆ ತಿಂದ ಹುಳುವೇ” ಎಂದರು. ಔಷಧಿಯ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಕ್ಯಾಮರಾ ಇಲ್ಲದವರು ಭೂತಗನ್ನಡಿಯಿಂದಲೂ ಇದನ್ನೆಲ್ಲ ನೋಡಬಹುದು. ವಾಚಕ ಮಿತ್ರರು ನಾಳೆ ಬೆಳಿಗ್ಗೆ ತಮ್ಮ ಮನೆಯ ಕರಿಬೇವಿನ ಎಲೆಗಳನ್ನು ಒಮ್ಮೆ ಮಗುಚಿ ನೋಡಲಿ. ಮುಂದಿನ ಮಳೆಗಾಲಕ್ಕೆ ಎರಡು ಕೊಂಬೆ ಕೇಳಬೇಕೆಂದು ನಾನು ನಿಶ್ಚಯಿಸಿದ್ದೇನೆ.