ಹಿಡಿದಿಡಲಾಗದ ಅನಿಲ

ಅಮೆರಿಕದ ಟೆಕ್ಸಾಸ್ ಕರಾವಳಿಯಿಂದ ಗುಜರಾತಿನ ದಹೇಜ್‌ಗೆ ಕೆಲವು ಭಾರಿ ಹಡಗುಗಳು ವರ್ಷವಿಡೀ ಓಡಾಡುತ್ತವೆ. ಒಂದೊಂದರ ಒಡಲಲ್ಲೂ 80 ಸಾವಿರ ಘನ ಮೀಟರಿಗೂ ಮಿಕ್ಕಿ ಈಥೇನ್, ಮೈನಸ್ 90 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ದ್ರವವಾಗಿ ಕೂತಿರುತ್ತದೆ. ರಿಲಯನ್ಸ್ ಕಂಪನಿ ಇದಕ್ಕೆಂದೇ ದಕ್ಷಿಣ ಕೊರಿಯಾದಲ್ಲಿ ಆರು ಹಡಗು ಕಟ್ಟಿಸಿತು. ಅಮೆರಿಕದಲ್ಲಿ ಶೇಲ್ ಬಂಡೆ ಸೀಳಿ ಅನಿಲ ತೆಗೆಯುವಾಗ ಈಥೇನ್ ಹೇರಳವಾಗಿ ಸಿಗುತ್ತದೆ, ಅಗ್ಗವೂ ಹೌದು. ಅರ್ಧ ಭೂಮಿ ಸುತ್ತಿಸಿ ತಂದರೂ ಲಾಭ ಉಳಿಯುವಷ್ಟು ಅಗ್ಗ.

ಇಷ್ಟೆಲ್ಲ ಸಾಹಸ ಈಥೇನನ್ನು ಒಡೆದರೆ ಸಿಗುವ ಎಥಿಲೀನ್‌ಗಾಗಿ. ಎರಡು ಇಂಗಾಲ, ನಾಲ್ಕು ಜಲಜನಕದ ಪುಟ್ಟ ಅಣು. ಮಾವಿನಕಾಯಿ ಹಣ್ಣಾಗುವಾಗ ತಾನೇ ಹೊರಬಿಡುವ ಅನಿಲವೂ ಇದೇ. ಮರ ಇದನ್ನು ಚೂರೇ ಚೂರು ತಯಾರಿಸುತ್ತದೆ. ಮನುಷ್ಯ ವರ್ಷಕ್ಕೆ 20 ಕೋಟಿ ಟನ್ ದಾಟಿಸುವ ಸಾಮರ್ಥ್ಯ ಕಟ್ಟಿಕೊಂಡಿದ್ದಾನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಎಥಿಲೀನ್ ಆಗುತ್ತದೆ. ಹಾಲಿನ ಪ್ಯಾಕೆಟ್ಟು, ಕೈಚೀಲ, ಬಕೆಟ್ಟು, ತಾರಸಿಯ ಮೇಲಿನ ಕಪ್ಪು ಟ್ಯಾಂಕು ಎಲ್ಲ ಅದೇ. ಉಳಿದದ್ದು ಪಿವಿಸಿ ಪೈಪಿಗೆ, ನೀರಿನ ಬಾಟಲಿಯ ಪೆಟ್‌ಗೆ, ಥರ್ಮಾಕೋಲಿಗೆ ಹಂಚಿಹೋಗುತ್ತದೆ.

ಎಥಿಲೀನ್ ಹುಟ್ಟುವ ಕುಲುಮೆಯನ್ನು ಕ್ರ್ಯಾಕರ್ ಎನ್ನುತ್ತಾರೆ. ನಿಕಲ್, ಕ್ರೋಮಿಯಂ ಬೆರೆತ ಲೋಹದ ಕೊಳವೆಗಳು ಅದರೊಳಗೆ ಕೆಂಪಗೆ ಕಾದು ಇಳಿಬಿದ್ದಿರುತ್ತವೆ. ಈಥೇನ್ ಅಥವಾ ಕಚ್ಚಾತೈಲದಿಂದ ಬಂದ ನಾಫ್ತಾ, ನೀರಾವಿಯ ಜೊತೆ ಅವುಗಳೊಳಗೆ ನುಗ್ಗುತ್ತದೆ. ಶಾಖ 800ರಿಂದ 850 ಡಿಗ್ರಿ. ಒಳಗಿರುವುದು ಸೆಕೆಂಡಿಗೂ ಕಡಿಮೆ ಹೊತ್ತು, ಅಷ್ಟರಲ್ಲೇ ಅಣುಗಳು ಒಡೆದಿರುತ್ತವೆ. ಸಾಸಿವೆ ಸಿಡಿದ ಮೇಲೂ ಒಗ್ಗರಣೆಯನ್ನು ಒಲೆಯ ಮೇಲೆ ಬಿಟ್ಟರೆ ಏನಾಗುತ್ತದೋ ಇಲ್ಲಿಯೂ ಅದೇ, ತಡವಾದಷ್ಟೂ ಮಸಿ. ಹಾಗಾಗಿ ಹೊರಬಂದ ಮರುಗಳಿಗೆಯಲ್ಲೇ ತಣಿಸುತ್ತಾರೆ. ಆದರೂ ಕೊಳವೆಯ ಒಳಗೋಡೆಗೆ ಇದ್ದಿಲು ಕಟ್ಟುತ್ತದೆ, ಆಗಾಗ ಗಾಳಿ, ಹಬೆ ಹಾಯಿಸಿ ಸುಟ್ಟು ತೆಗೆಯಬೇಕು. ಆಮೇಲಿನದು ಇದಕ್ಕೆ ತದ್ವಿರುದ್ಧ, ಎಲ್ಲವೂ ಕೊರೆಯುವ ಚಳಿಯ ಕೆಲಸ. ಈಥೇನ್ ಕುದಿಯುವುದು ಮೈನಸ್ 89ರಲ್ಲಿ, ಎಥಿಲೀನ್ ಮೈನಸ್ 104ರಲ್ಲಿ. ಆ 15 ಡಿಗ್ರಿಯ ಅಂತರವನ್ನೇ ನಂಬಿ, ನೂರಕ್ಕೂ ಹೆಚ್ಚು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಗೋಪುರದಲ್ಲಿ ಎರಡನ್ನೂ ಬೇರ್ಪಡಿಸುತ್ತಾರೆ.

ಹೀಗೆ ಕೈಗೆ ಬಂದ ಎಥಿಲೀನನ್ನು ಇಟ್ಟುಕೊಳ್ಳುವುದು ಕಷ್ಟ. ಬೆಂಕಿಗೆ ಬಲುಬೇಗ ಸಿಗುವ ಅನಿಲ; ದ್ರವವಾಗಿಸಿ ದೂರ ಸಾಗಿಸುವುದು ದುಬಾರಿ ಬಾಬತ್ತು. ಅದಕ್ಕೇ ಕ್ರ್ಯಾಕರಿನ ಪಕ್ಕದಲ್ಲೇ ಪ್ಲಾಸ್ಟಿಕ್ ಘಟಕವಿರುತ್ತದೆ. ಅನಿಲ ಅಲ್ಲಿ ಬಿಳಿ ಹರಳುಗಳಾಗಿ, 25 ಕಿಲೋ ಚೀಲಗಳಲ್ಲಿ ಹೊರಡುತ್ತದೆ. ಕ್ರ್ಯಾಕರನ್ನು ಬೇಕೆಂದಾಗ ಹಚ್ಚಿ ಬೇಡವೆಂದಾಗ ಆರಿಸುವಂತಿಲ್ಲ. ದೊಡ್ಡ ರಿಪೇರಿಗೆಂದು ಕೆಲವು ವರ್ಷಕ್ಕೊಮ್ಮೆ ನಿಲ್ಲಿಸುತ್ತಾರೆ, ಉಳಿದಂತೆ ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಸಾವಿರಾರು ಕೋಟಿ ರೂಪಾಯಿ ಸುರಿದು ಕಟ್ಟಿದ ಸ್ಥಾವರ ದಶಕಗಳ ಕಾಲ ದುಡಿದರಷ್ಟೇ ಸಾಲ ತೀರುತ್ತದೆ. ಅಷ್ಟು ಕಾಲವೂ ಹರಳು ಬರುತ್ತಲೇ ಇರುತ್ತದೆ, ಬಂದದ್ದೆಲ್ಲ ಎಲ್ಲಾದರೂ ಬಿಕರಿಯಾಗಲೇಬೇಕು. ಪ್ಲಾಸ್ಟಿಕ್ಕಿನ ಚರ್ಚೆಯಲ್ಲಿ ನಾವು ಅತಿ ಕಡಿಮೆ ಗಮನಿಸುವ ಸಂಗತಿ ಇದು ಎಂದು ನನಗನ್ನಿಸುತ್ತದೆ.

ಪಾಲಿಎಥಿಲೀನ್ ಸಿಕ್ಕಿದ್ದು ಆಕಸ್ಮಿಕವಾಗಿ. 1933ರ ಮಾರ್ಚಿನಲ್ಲಿ ಇಂಗ್ಲೆಂಡಿನ ವಿನ್ನಿಂಗ್ಟನ್‌ನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್, ರೆಜಿನಾಲ್ಡ್ ಗಿಬ್ಸನ್ ಎಂಬಿಬ್ಬರು ಎಥಿಲೀನನ್ನು ಇನ್ನೊಂದು ರಾಸಾಯನಿಕದೊಡನೆ ವಿಪರೀತ ಒತ್ತಡದಲ್ಲಿ ಕಾಯಿಸಿದರು. ಪಾತ್ರೆಯಲ್ಲಿ ಉಳಿದದ್ದು ಮೇಣದಂಥ ಚೂರು ಬಿಳಿ ವಸ್ತು. ಎರಡನೇ ಮಹಾಯುದ್ಧದಲ್ಲಿ ಅದು ರೇಡಾರ್ ಕೇಬಲ್ಲುಗಳ ಹೊದಿಕೆಯಾಯಿತು. 1953ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಕಡಿಮೆ ಒತ್ತಡದಲ್ಲೇ ಅದನ್ನು ತಯಾರಿಸುವ ಬಗೆ ಕಂಡುಕೊಂಡ ಮೇಲೆ ಬೆಲೆ ಇಳಿಯಿತು, ಮನೆಮನೆಗೂ ಬಂತು.

ಕರ್ನಾಟಕದಲ್ಲಿ ಎಥಿಲೀನ್ ಕ್ರ್ಯಾಕರ್ ಇಲ್ಲ. ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ತಯಾರಿಸುವುದು ಪಾಲಿಪ್ರೊಪಿಲೀನ್ ಎಂಬ ಬೇರೆ ಪ್ಲಾಸ್ಟಿಕ್. ಪೀಣ್ಯದ ಸಣ್ಣ ಕಾರ್ಖಾನೆಗಳು ಕರಗಿಸುವ ಹೊಸ ಪಾಲಿಎಥಿಲೀನ್ ಹರಳೆಲ್ಲ ಹೊರಗಿನಿಂದ ಬಂದದ್ದು. 2016ರ ಮಾರ್ಚಿನಲ್ಲಿ ನಮ್ಮ ಸರ್ಕಾರ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಎಲ್ಲವನ್ನೂ ನಿಷೇಧಿಸಿತು. ಆದೇಶ ಸರಿಯಾಗಿಯೇ ಇತ್ತು. ಆದರೆ ದಂಡ ಕಟ್ಟಿದವರಲ್ಲಿ ಹೂವು ಮಾರುವವರು, ತರಕಾರಿ ಗಾಡಿಯವರು ಎದ್ದು ಕಾಣುತ್ತಾರೆ. ಈ ಸರಪಳಿಯಲ್ಲಿ ಯಾವ ತೀರ್ಮಾನವೂ ಅವರ ಕೈಯಲ್ಲಿಲ್ಲ. ಹರಳು ಅಗ್ಗವಾಗಿ ಹರಿದು ಬರುತ್ತಿರುವಾಗ ಚೀಲ ಒಂದು ಓಣಿಯಲ್ಲಿ ನಿಂತರೆ ಇನ್ನೊಂದರಲ್ಲಿ ಕಾಣಿಸಿಕೊಳ್ಳುತ್ತದೆ.

ಹಾಗೆಂದು ಪಾಲಿಎಥಿಲೀನನ್ನೇ ಶಪಿಸಲು ನನಗೆ ಮನಸ್ಸು ಬರುವುದಿಲ್ಲ. ಬಯಲುಸೀಮೆಯ ಕೃಷಿ ಹೊಂಡಗಳ ತಳಕ್ಕೆ ಹಾಸಿದ ಹಾಳೆ ಅದೇ, ದಾಳಿಂಬೆ ಗಿಡದ ಬುಡಕ್ಕೆ ಹನಿ ಹನಿ ನೀರು ಒಯ್ಯುವ ಕರಿ ಪೈಪೂ ಅದೇ. ಅವು ವರ್ಷಗಟ್ಟಲೆ ಬಾಳುತ್ತವೆ, ರೈತ ಅವನ್ನು ಜೋಪಾನ ಮಾಡುತ್ತಾನೆ. ತೊಂದರೆ ಇರುವುದು ಒಮ್ಮೆ ಬಳಸಿ ಎಸೆಯಲೆಂದೇ ತಯಾರಾಗುವ ಪಾಲಿನಲ್ಲಿ. 1950ರಿಂದ 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್‌ನಲ್ಲಿ ಮರುಬಳಕೆಯಾದದ್ದು ಶೇ 9ರಷ್ಟು ಮಾತ್ರ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು.

ಕಬ್ಬಿನಿಂದಲೂ ಎಥಿಲೀನ್ ತೆಗೆಯಬಹುದು. ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಿಂದ ಟ್ರಿಯುಂಫೋದಲ್ಲಿ ಕಬ್ಬಿನ ಎಥೆನಾಲ್‌ನಿಂದ ಅದನ್ನು ತಯಾರಿಸುತ್ತಿದೆ. ತೈಲದ ಹಂಗು ತಪ್ಪುತ್ತದೆ ನಿಜ. ಆದರೆ ಕಬ್ಬು ಎಷ್ಟು ನೀರು ಕುಡಿಯುತ್ತದೆ ಎಂದು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲಾಗಿ ಕೊನೆಗೆ ಬರುವುದು ಅದೇ ಪಾಲಿಎಥಿಲೀನ್, ಚರಂಡಿಗೆ ಬಿದ್ದರೆ ಅದೂ ಕೊಳೆಯುವುದಿಲ್ಲ.

ಸದ್ಯ ಜಗತ್ತಿನಲ್ಲಿ ಬೇಡಿಕೆಗಿಂತ ಹೆಚ್ಚು ಎಥಿಲೀನ್ ಸಾಮರ್ಥ್ಯ ಇದೆ. ಚೀನಾ ಒಂದರ ಹಿಂದೊಂದು ಕ್ರ್ಯಾಕರ್ ಕಟ್ಟಿದೆ, ಯುರೋಪಿನ ಹಳೆಯ ನಾಫ್ತಾ ಕ್ರ್ಯಾಕರ್‌ಗಳು ಬಾಗಿಲು ಮುಚ್ಚುತ್ತಿವೆ. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಪ್ಲಾಸ್ಟಿಕ್ ಒಪ್ಪಂದದ ಮಾತುಕತೆ ಮುರಿದುಬಿತ್ತು. ಉತ್ಪಾದನೆಗೇ ಮಿತಿ ಹಾಕಬೇಕೆಂದು ಹಲವು ದೇಶಗಳು ಪಟ್ಟುಹಿಡಿದವು, ಕಸ ನಿರ್ವಹಣೆ ಸಾಕೆಂದು ತೈಲ ದೇಶಗಳು ವಾದಿಸಿದವು. ನಾನು ಮೊದಲಿನವರ ಪಕ್ಷ. ಮಧ್ಯಪ್ರದೇಶದ ಬೀನಾದಲ್ಲಿ ಬಿಪಿಸಿಎಲ್ ವರ್ಷಕ್ಕೆ 12 ಲಕ್ಷ ಟನ್ ಎಥಿಲೀನ್ ಕೊಡುವ ಕ್ರ್ಯಾಕರ್ ಕಟ್ಟಲು ಹೊರಟಿದೆ. ಆ ಎಥಿಲೀನಿನಲ್ಲಿ ಎಷ್ಟು ಪಾಲು ಪೈಪು, ಹೊಂಡದ ಹಾಳೆ ಆಗುತ್ತದೆ, ಎಷ್ಟು ಪಾಲು ಎಸೆಯುವ ಚೀಲ ಆಗುತ್ತದೆ ಎಂದು ಕೇಳಬೇಕಾದ ಹೊತ್ತು ಕುಲುಮೆ ಹೊತ್ತುವುದಕ್ಕೆ ಮೊದಲಿನ ಈ ಕೆಲವು ವರ್ಷಗಳು.