ಮಾತು ಕಳಚಿದ ಗೆತ್ಸೆಮನೆಯ ಗೀತೆ

1927ರ ಡಿಸೆಂಬರ್ 3ರಂದು ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಅಂಧ ಗಾಯಕರು ಕೊಲಂಬಿಯಾ ಸಂಸ್ಥೆಗಾಗಿ ಕೆಲವು ಭಕ್ತಿಗೀತೆಗಳನ್ನು ಹಾಡಿದರು. ಅವುಗಳಲ್ಲಿ ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ ಎಂಬುದೂ ಒಂದು. ಮೂರು ನಿಮಿಷಕ್ಕಿಂತ ತುಸು ಹೆಚ್ಚು ಕಾಲದ ಈ ಹಾಡಿನಲ್ಲಿ ಸ್ಪಷ್ಟವಾದ ಪದವೊಂದೂ ಇಲ್ಲ. ಇರುವುದು ಸ್ಲೈಡ್ ಗಿಟಾರಿನ ನಾದ, ಅದರೊಡನೆ ಗುನುಗುವ ಹಾಗೂ ನರಳುವ ಕಂಠ. ಪದಗಳೇ ಇಲ್ಲದ ಹಾಡನ್ನು ಸುವಾರ್ತಾಗೀತೆಯೆಂದು ಕರೆಯುವುದು ಹೇಗೆ?

ಉತ್ತರವು ಶೀರ್ಷಿಕೆಯಲ್ಲಿದೆ. ಅದು ಆಂಗ್ಲಿಕನ್ ಪಾದ್ರಿ ಥಾಮಸ್ ಹಾವೀಸರ, 1792ರಲ್ಲಿ ಪ್ರಕಟವಾದ ಗೆತ್ಸೆಮನೆಯ ಕುರಿತಾದ ಸ್ತೋತ್ರಗೀತೆಯಿಂದ ಬಂದುದು. ಕರ್ತನು ಕತ್ತಲಲ್ಲಿ, ತಣ್ಣನೆಯ ನೆಲದ ಮೇಲೆ ಬಿದ್ದು ಪ್ರಾರ್ಥಿಸಿದ ಆ ರಾತ್ರಿಯೇ ಗೀತೆಯ ವಸ್ತು. (ಹಾವೀಸರು ಲಂಡನ್ ಮಿಷನ್ ಸಂಘದ ಸ್ಥಾಪಕರಲ್ಲೊಬ್ಬರು. ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸರನ್ನು ಕಳುಹಿಸಿದ ಸಂಘವೂ ಅದೇ.)

ಇಂಗ್ಲೆಂಡಿನ ಗೀತೆ ಅಮೆರಿಕದ ಕಪ್ಪುಜನರ ಸಭೆಗಳನ್ನು ಸೇರಿದಾಗ ಅದನ್ನು ಹಾಡುವ ರೀತಿಯೇ ಬದಲಾಯಿತು. ಗೀತೆಪುಸ್ತಕ ಕೈಯಲ್ಲಿಲ್ಲದವರ, ಓದಲು ಕಲಿಯುವ ಅವಕಾಶವನ್ನೇ ಪಡೆಯದವರ ನಡುವೆ ನಾಯಕನೊಬ್ಬನು ಒಂದೊಂದೇ ಸಾಲನ್ನು ಹೇಳಿಕೊಡುತ್ತಿದ್ದನು. ಸಭೆಯು ಅದನ್ನು ಅತಿ ನಿಧಾನವಾಗಿ ಎಳೆದೆಳೆದು ಹಾಡುತ್ತಿತ್ತು. ಐಸಾಕ್ ವಾಟ್ಸರ ಗೀತೆಗಳಿಂದಾಗಿ ಈ ರೀತಿಗೆ ‘ಡಾಕ್ಟರ್ ವಾಟ್ಸ್’ ಎಂಬ ಹೆಸರೇ ಬಿದ್ದಿತು. ಒಂದೊಂದು ಅಕ್ಷರವೂ ಹಲವು ಸ್ವರಗಳಲ್ಲಿ ಹರಡಿಕೊಂಡಾಗ ಪದ ಹಿಂದೆ ಸರಿದು ರಾಗವೇ ಉಳಿಯುತ್ತದೆ. ಪದಗಳನ್ನು ಹಾಡಿ ಮುಗಿಸಿ, ಅದೇ ರಾಗವನ್ನು ಬಾಯಿಮುಚ್ಚಿ ಗುನುಗುವ ವಾಡಿಕೆಯೂ ಇತ್ತು. ಜಾನ್ಸನ್ನರು ಈ ಸಭಾಗಾನವನ್ನೇ ಒಂಟಿಯಾಗಿ ನಡೆಸಿದ್ದಾರೆ: ಗಿಟಾರ್ ಸಾಲೆತ್ತುತ್ತದೆ, ಕಂಠ ಉತ್ತರಿಸುತ್ತದೆ, ಕೆಲವೊಮ್ಮೆ ಯಾವುದು ಯಾವುದೆಂದು ಬೇರ್ಪಡಿಸುವುದೇ ಕಷ್ಟ.

ಆದುದರಿಂದ ಇಲ್ಲಿ ಪದಗಳ ಅಭಾವವನ್ನು ಕೊರತೆಯೆಂದು ಎಣಿಸಲಾಗದು. ಸಭೆಗೆ ಪದಗಳು ಮೊದಲೇ ಗೊತ್ತಿದ್ದವು. ನಾವು ಹೇಗೆ ಪ್ರಾರ್ಥಿಸಬೇಕೋ ತಿಳಿಯದಿರುವಾಗ ಪವಿತ್ರಾತ್ಮನು ಮಾತಿಗೆ ಮೀರಿದ ನರಳಾಟದಿಂದ ನಮಗಾಗಿ ಬೇಡುತ್ತಾನೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಈ ವಚನದ ಮೇಲೆ ಪ್ರಸಂಗ ಮಾಡುವವರು ಅದನ್ನು ಕೂಡಲೇ ಸಾಂತ್ವನದ ಮಾತುಗಳಿಂದ ತುಂಬಿಬಿಡುತ್ತೇವೆ. ಶುಭ ಶುಕ್ರವಾರದ ಆರಾಧನೆಯಲ್ಲಿಯೂ ಮೌನಕ್ಕೆ ನಾವು ಕೊಡುವ ಸ್ಥಳ ಅತ್ಯಲ್ಪ.

ಪಾಸೊಲಿನಿ ತಮ್ಮ 1964ರ ಮತ್ತಾಯನ ಸುವಾರ್ತೆಯ ಚಲನಚಿತ್ರದಲ್ಲಿ ಈ ಹಾಡನ್ನು ಬಳಸಿಕೊಂಡರು. 1977ರಲ್ಲಿ ವಾಯೇಜರ್ ನೌಕೆಗಳ ಸ್ವರ್ಣಮುದ್ರಿಕೆಯಲ್ಲಿ ಸೇರಿ ಅದು ಅಂತರಿಕ್ಷಕ್ಕೂ ಹೋಯಿತು. ಆ ಮುದ್ರಿಕೆಯನ್ನು ಸಿದ್ಧಪಡಿಸಿದ ತಂಡದ ಮುಖ್ಯಸ್ಥ ಕಾರ್ಲ್ ಸೇಗನ್ ಇದರಲ್ಲಿ ಕೇಳಿದ್ದು, ಕತ್ತಲಾದಾಗ ಮಲಗಲು ಸ್ಥಳವಿಲ್ಲದವನ ಅವಸ್ಥೆಯನ್ನು. ಗೆತ್ಸೆಮನೆಯನ್ನು ಬಿಟ್ಟ ಈ ಅರ್ಥ ಅಪೂರ್ಣವೆಂಬುದು ನನ್ನ ಅಭಿಪ್ರಾಯ. ತಪ್ಪೆಂದು ಮಾತ್ರ ಹೇಳಲಾರೆ. ಬೀದಿಗಳಲ್ಲಿ ಹಾಡಿ ಬದುಕಿದ ಜಾನ್ಸನ್ನರು 1945ರಲ್ಲಿ ಟೆಕ್ಸಾಸಿನ ಬ್ಯೂಮಾಂಟಿನಲ್ಲಿ ಬಡವರಾಗಿಯೇ ತೀರಿಕೊಂಡರು. ಕರ್ತನು ಬಿದ್ದಿದ್ದ ನೆಲವು ಎಷ್ಟು ತಣ್ಣಗಿತ್ತೆಂಬುದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.